ಮೊದಲ ಕ್ಯಾಮೆರಾ: ಕ್ಯಾನನ್ ಆರ್50 ಒಳ್ಳೆಯದೇ, ಸೋನಿ ಝಡ್‌ವಿ-ಇ10 ಒಳ್ಳೆಯದೇ?

ಶಾಲೆಯ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಕೋಲಾಟದ ಸಾಲಿನಲ್ಲಿ ಮಗಳು ನಿಂತಿದ್ದಾಳೆ. ತಂದೆಗೆ ಸಿಕ್ಕಿರುವುದು ಹನ್ನೆರಡನೇ ಸಾಲಿನ ಕುರ್ಚಿ. ಮೊಬೈಲ್ ಎತ್ತಿ, ಎರಡು ಬೆರಳುಗಳಿಂದ ದೃಶ್ಯವನ್ನು ಹಿಗ್ಗಿಸಿ ಚಿತ್ರ ತೆಗೆದರೆ, ಮಗಳ ಮುಖ ಇರಬೇಕಾದ ಕಡೆ ಬಣ್ಣದ ಕಲೆಯೊಂದು ಕಾಣುತ್ತದೆ. ಅನೇಕ ಮನೆಗಳಲ್ಲಿ ಕ್ಯಾಮೆರಾ ಕೊಳ್ಳುವ ತೀರ್ಮಾನ ಆಗುವುದು ಇಂತಹ ರಾತ್ರಿಯಲ್ಲೇ.

ಮರುದಿನದಿಂದ ಹುಡುಕಾಟ ಆರಂಭವಾಗುತ್ತದೆ. ಲೆನ್ಸ್ ಬದಲಿಸಬಹುದಾದ, ಆದರೆ ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕದಾದ ಮಿರರ್‌ಲೆಸ್ ಕ್ಯಾಮೆರಾಗಳ ಪಟ್ಟಿಯಲ್ಲಿ ಎರಡು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, 2023ರ ಫೆಬ್ರುವರಿಯಲ್ಲಿ ಪ್ರಕಟವಾದ ಕ್ಯಾನನ್ ಇಒಎಸ್ ಆರ್50. ಮತ್ತೊಂದು, 2021ರ ಜುಲೈನಲ್ಲಿ ಪ್ರಕಟವಾದ ಸೋನಿ ಝಡ್‌ವಿ-ಇ10. ಎರಡರಲ್ಲೂ 24.2 ಮೆಗಾಪಿಕ್ಸೆಲ್. ಎರಡೂ ಅರ್ಧ ಕಿಲೋ ಆಸುಪಾಸಿನವು. ಎರಡೂ 4ಕೆ ವಿಡಿಯೊ ತೆಗೆಯುತ್ತವೆ. ಹಾಗಿದ್ದರೆ ಆಯ್ಕೆ ಹೇಗೆ? ಜಾಹೀರಾತಿನ ಅಂಕಿಗಳು ಇದಕ್ಕೆ ಉತ್ತರ ಹೇಳುವುದಿಲ್ಲ. ಉತ್ತರ ಇರುವುದು ಕ್ಯಾಮೆರಾ ಯಾರ ಕೈಗೆ ಹೋಗುತ್ತದೆ, ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದರಲ್ಲಿ.

ಕನ್ನಡಿ ಹೋದದ್ದೆಲ್ಲಿಗೆ?

ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್‌ನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸ್ ಮೂಲಕ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ, ಛಾಯಾಗ್ರಾಹಕನ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ಬೆಳಕು ಹಿಂದಿರುವ ಸೆನ್ಸರ್ ಮೇಲೆ ಬೀಳುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತಿರುತ್ತದೆ. ಅದು ಕಂಡದ್ದನ್ನು ಹಿಂಬದಿಯ ಪರದೆ ತೋರಿಸುತ್ತದೆ. ಕನ್ನಡಿ ಮತ್ತು ಅದರ ಯಂತ್ರಭಾಗಗಳು ಆಕ್ರಮಿಸುತ್ತಿದ್ದ ಜಾಗ ಉಳಿದದ್ದರಿಂದ ಕ್ಯಾಮೆರಾ ತೆಳುವಾಯಿತು, ಹಗುರವಾಯಿತು. ತೆಗೆಯಲಿರುವ ಚಿತ್ರ ಎಷ್ಟು ಬೆಳಕಾಗಿ ಅಥವಾ ಕಪ್ಪಾಗಿ ಬರಲಿದೆ ಎಂಬುದೂ ಮೊದಲೇ ಕಾಣುವಂತಾಯಿತು.

ಈ ಬಗೆಯ ಕ್ಯಾಮೆರಾಗಳ ಯುಗ ಆರಂಭವಾದದ್ದು 2008ರಲ್ಲಿ ಬಂದ ಪ್ಯಾನಸೋನಿಕ್ ಲೂಮಿಕ್ಸ್ ಜಿ1ನಿಂದ. 2010ರಲ್ಲಿ ಸೋನಿ ತನ್ನ ಇ-ಮೌಂಟ್ ಅನ್ನು ಹೊರತಂದಿತು. ಕ್ಯಾನನ್ 2012ರಲ್ಲಿ ಇಎಫ್-ಎಂ ಎಂಬ ಮೌಂಟ್‌ನೊಂದಿಗೆ ಈ ಕ್ಷೇತ್ರಕ್ಕೆ ಇಳಿಯಿತು. 2018ರಲ್ಲಿ ಆರ್‌ಎಫ್ ಎಂಬ ಬೇರೆಯದೇ ಮೌಂಟ್ ಪರಿಚಯಿಸಿತು. ಲೆನ್ಸ್ ಅನ್ನು ಕ್ಯಾಮೆರಾಗೆ ಸಿಕ್ಕಿಸುವ ಲೋಹದ ಬಳೆಯನ್ನೇ ಮೌಂಟ್ ಎನ್ನುವುದು. ಒಬ್ಬರ ಬಳೆಗೆ ಮತ್ತೊಬ್ಬರ ಲೆನ್ಸ್ ಕೂರುವುದಿಲ್ಲ. ಈ ಸಣ್ಣ ಸಂಗತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಕಣ್ಣಿಗೆ ಒಂದು ಕಿಂಡಿ

ಎರಡೂ ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದ ಕೂಡಲೇ ಕಾಣುವ ವ್ಯತ್ಯಾಸವೆಂದರೆ ವ್ಯೂಫೈಂಡರ್. ಆರ್50ರ ಹಿಂಬದಿಯಲ್ಲಿ ಕಣ್ಣಿಟ್ಟು ನೋಡುವ ಎಲೆಕ್ಟ್ರಾನಿಕ್ ಕಿಂಡಿ ಇದೆ. ಸೋನಿಯಲ್ಲಿ ಅದಿಲ್ಲ, ಪರದೆಯನ್ನೇ ನೋಡಿ ಚಿತ್ರ ತೆಗೆಯಬೇಕು. ಮನೆಯೊಳಗೆ ಇದು ಕೊರತೆ ಎನಿಸುವುದಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ನಿಂತಾಗ, ಬಿಸಿಲಿನ ಹೊಡೆತಕ್ಕೆ ಪರದೆಯಲ್ಲಿ ನಮ್ಮ ಮುಖವೇ ಪ್ರತಿಫಲಿಸುತ್ತದೆ. ಆಗ ಕಿಂಡಿಯ ಬೆಲೆ ತಿಳಿಯುತ್ತದೆ. ಅಲ್ಲದೆ, ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಹಿಡಿದಾಗ ಕೈ ನಡುಕವೂ ಕಡಿಮೆಯಾಗುತ್ತದೆ.

ಇನ್ನು ತೂಕದ ವಿಚಾರಕ್ಕೆ ಬಂದರೆ, ಬ್ಯಾಟರಿ ಮತ್ತು ಕಾರ್ಡ್ ಸಹಿತ ಆರ್50 ಸುಮಾರು 375 ಗ್ರಾಂ, ಝಡ್‌ವಿ-ಇ10 ಸುಮಾರು 343 ಗ್ರಾಂ. ಜೊತೆಗೆ ಬರುವ ಕಿಟ್ ಲೆನ್ಸ್ ಸೇರಿಸಿದರೆ ಕ್ಯಾನನ್ 505 ಗ್ರಾಂ, ಸೋನಿ 459 ಗ್ರಾಂ ಆಗುತ್ತದೆ. ಈ ವ್ಯತ್ಯಾಸಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಎರಡರ ಪರದೆಯೂ ಪಕ್ಕಕ್ಕೆ ತೆರೆದು ಮುಂದಕ್ಕೆ ತಿರುಗುತ್ತದೆ. ಹೀಗಾಗಿ ತಮ್ಮನ್ನು ತಾವೇ ಚಿತ್ರಿಸಿಕೊಳ್ಳುವವರಿಗೆ ಎರಡೂ ಅನುಕೂಲಕರ. ಪರದೆಯ ಸ್ಪಷ್ಟತೆಯಲ್ಲಿ ಮಾತ್ರ 16.2 ಲಕ್ಷ ಬಿಂದುಗಳ ಕ್ಯಾನನ್, 9.2 ಲಕ್ಷ ಬಿಂದುಗಳ ಸೋನಿಗಿಂತ ಮುಂದಿದೆ.

ಸೆನ್ಸರ್: ಅಂತರ ಅತ್ಯಲ್ಪ

ಚಿತ್ರದ ಗುಣಮಟ್ಟಕ್ಕೆ ಆಧಾರವಾದ ಸೆನ್ಸರ್ ಎರಡರಲ್ಲೂ ಎಪಿಎಸ್-ಸಿ ಎಂಬ ಅಳತೆಯದು. ಕ್ಯಾನನ್‌ನದು 22.3 x 14.9 ಮಿ.ಮೀ., ಸೋನಿಯದು 23.5 x 15.6 ಮಿ.ಮೀ. ಲೆಕ್ಕ ಹಾಕಿದರೆ ಸೋನಿಯ ಸೆನ್ಸರ್ ಶೇ. 10ರಷ್ಟು ದೊಡ್ಡದು. ಆದರೆ ಗೋಡೆಗೆ ತೂಗುಹಾಕುವ ಗಾತ್ರದ ಮುದ್ರಣದಲ್ಲೂ ಈ ವ್ಯತ್ಯಾಸವನ್ನು ಗುರುತಿಸುವುದು ಕಷ್ಟ. ಮೊಬೈಲ್‌ನ ಸೆನ್ಸರ್‌ಗಿಂತ ಇವೆರಡೂ ಎಷ್ಟೋ ಪಟ್ಟು ದೊಡ್ಡವು ಎಂಬುದೇ ಇಲ್ಲಿ ಮುಖ್ಯ.

ಫೋಕಸ್ ವಿಷಯದಲ್ಲಿ ಹಾಗಲ್ಲ. ಸುಮಾರು ಒಂದೂವರೆ ವರ್ಷ ತಡವಾಗಿ ಬಂದ ಆರ್50ರಲ್ಲಿ ವ್ಯಕ್ತಿಗಳ ಜೊತೆಗೆ ನಾಯಿ, ಬೆಕ್ಕು, ಹಕ್ಕಿ ಹಾಗೂ ವಾಹನಗಳನ್ನೂ ತಾನಾಗಿ ಗುರುತಿಸಿ ಹಿಂಬಾಲಿಸುವ ವ್ಯವಸ್ಥೆ ಇದೆ. ಝಡ್‌ವಿ-ಇ10 ಮನುಷ್ಯರ ಕಣ್ಣನ್ನು ಬಹಳ ನಂಬಿಕೆಯಿಂದ ಹಿಡಿಯುತ್ತದೆ. ಫೋಟೊ ತೆಗೆಯುವಾಗ ಪ್ರಾಣಿಗಳ ಕಣ್ಣನ್ನೂ ಗುರುತಿಸಬಲ್ಲದು. ಹಕ್ಕಿಗಳಿಗೆಂದೇ ಪ್ರತ್ಯೇಕ ಸೌಲಭ್ಯ ಅದರಲ್ಲಿಲ್ಲ. ರಂಗನತಿಟ್ಟಿನಲ್ಲಿ ದೋಣಿಯ ಮೇಲಿಂದ ಹಾರುವ ಕೊಕ್ಕರೆಯನ್ನು ಹಿಡಿಯುವ ಆಸೆ ಇದ್ದವರಿಗೆ ಕ್ಯಾನನ್ ಹೆಚ್ಚು ನೆರವಾಗುತ್ತದೆ. ಆರ್50 ಸೆಕೆಂಡಿಗೆ 15 ಚಿತ್ರಗಳವರೆಗೆ, ಸೋನಿ 11 ಚಿತ್ರಗಳವರೆಗೆ ತೆಗೆಯಬಲ್ಲವು. ಆದರೆ ರಾ ಮಾದರಿಯಲ್ಲಿ ತೆಗೆಯುವಾಗ ಆರ್50ರ ತಾತ್ಕಾಲಿಕ ಸ್ಮೃತಿ ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ತುಂಬಿ ವೇಗ ಕುಸಿಯುತ್ತದೆ ಎಂಬುದನ್ನು ಗಮನಿಸಬೇಕು.

ಒಳಾಂಗಣದ ಸಣ್ಣ ಸಮಾರಂಭಗಳಿಗೆ ಆರ್50ರಲ್ಲಿ ಪುಟ್ಟ ಫ್ಲ್ಯಾಶ್ ಒಳಗೇ ಇದೆ. ಸೋನಿಯಲ್ಲಿ ಇಲ್ಲ. ಆದರೆ ಹೊರಗಿನ ಫ್ಲ್ಯಾಶ್ ಬಳಸುವವರು ಎಚ್ಚರ ವಹಿಸಬೇಕು. ಆರ್50ರ ಮೇಲಿನ ಶೂನಲ್ಲಿ ಹಳೆಯ ರೀತಿಯ ಸಂಪರ್ಕ ಬಿಂದುಗಳಿಲ್ಲ. ಹಳೆಯ ಕ್ಯಾನನ್ ಫ್ಲ್ಯಾಶ್‌ಗಳನ್ನು ಜೋಡಿಸಲು ಎಡಿ-ಇ1 ಎಂಬ ಅಡಾಪ್ಟರ್ ಅನ್ನು ಪ್ರತ್ಯೇಕವಾಗಿ ಕೊಳ್ಳಬೇಕು.

ವಿಡಿಯೊ ಮತ್ತು ಧ್ವನಿ

ಝಡ್‌ವಿ-ಇ10 ಹುಟ್ಟಿದ್ದೇ ವಿಡಿಯೊ ತೆಗೆಯುವವರಿಗಾಗಿ. ಅದರ ಮೇಲ್ಭಾಗದಲ್ಲಿ ಮೂರು ಕೋಶಗಳ ಮೈಕ್ ಇದೆ. ಗಾಳಿಯ ಸದ್ದು ತಡೆಯುವ ತುಪ್ಪಳದ ಹೊದಿಕೆ ಪೆಟ್ಟಿಗೆಯಲ್ಲೇ ಬರುತ್ತದೆ. ಹೊರಗಿನ ಮೈಕ್ ಜೋಡಿಸುವ ಕಿಂಡಿಯ ಜೊತೆಗೆ ಹೆಡ್‌ಫೋನ್ ಕಿಂಡಿಯೂ ಇದೆ. ಆರ್50ರಲ್ಲಿ ಮೈಕ್ ಕಿಂಡಿ ಇದೆ, ಹೆಡ್‌ಫೋನ್ ಕಿಂಡಿ ಇಲ್ಲ.

ಇದು ಸಣ್ಣ ವಿಷಯ ಎನಿಸಬಹುದು. ಆದರೆ ರೈತರೊಬ್ಬರ ಸಂದರ್ಶನಕ್ಕೆಂದು ಹಳ್ಳಿಯವರೆಗೆ ಹೋಗಿ, ಅರ್ಧ ಗಂಟೆ ಮಾತು ದಾಖಲಿಸಿ, ಮನೆಗೆ ಬಂದು ನೋಡಿದಾಗ ಮೈಕ್‌ನ ತಂತಿ ಸಡಿಲವಾಗಿತ್ತೆಂದು ತಿಳಿದರೆ ಏನು ಗತಿ? ಚಿತ್ರ ಮಸುಕಾಗಿದ್ದರೆ ನೋಡುಗರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಆ ವಿಡಿಯೊ ಇದ್ದೂ ಇಲ್ಲದಂತೆ. ಸಂದರ್ಶನ, ಉಪನ್ಯಾಸ, ಸಂಗೀತ ಕಛೇರಿ ಚಿತ್ರಿಸುವವರಿಗೆ ಹೆಡ್‌ಫೋನ್ ಕಿಂಡಿ ಅನಿವಾರ್ಯವೆಂದೇ ಹೇಳಬೇಕು.

ಚಿತ್ರದ ವಿಷಯದಲ್ಲಿ ಕ್ಯಾನನ್ ಸ್ವಲ್ಪ ಮುಂದಿದೆ. ಆರ್50 ಸೆನ್ಸರ್‌ನ ಪೂರ್ಣ ಅಗಲವನ್ನು ಬಳಸಿ ಸೆಕೆಂಡಿಗೆ 30 ಚೌಕಟ್ಟುಗಳ 4ಕೆ ವಿಡಿಯೊ ಕೊಡುತ್ತದೆ. ಸೋನಿಯಲ್ಲಿ 30 ಚೌಕಟ್ಟು ಆರಿಸಿದರೆ ದೃಶ್ಯ 1.23 ಪಟ್ಟು ಕಿರಿದಾಗುತ್ತದೆ; 24 ಅಥವಾ 25 ಚೌಕಟ್ಟಿನಲ್ಲಿ ಪೂರ್ಣ ಅಗಲ ಸಿಗುತ್ತದೆ. ಕ್ಯಾಮೆರಾವನ್ನು ಸರಕ್ಕನೆ ಪಕ್ಕಕ್ಕೆ ತಿರುಗಿಸಿದರೆ ಸೋನಿಯ 4ಕೆ ಚಿತ್ರದಲ್ಲಿ ಕಂಬ, ಕಟ್ಟಡಗಳು ವಾಲಿದಂತೆ ಕಾಣುವುದುಂಟು. ಎರಡರ ಒಡಲಿನಲ್ಲೂ ಸೆನ್ಸರ್ ಅನ್ನೇ ಅಲುಗಿಸಿ ನಡುಕ ತಡೆಯುವ ವ್ಯವಸ್ಥೆ ಇಲ್ಲ. ಲೆನ್ಸ್‌ನೊಳಗಿನ ನಡುಕ ನಿರೋಧಕವನ್ನೇ ನಂಬಬೇಕು. ನಡೆಯುತ್ತಾ ಚಿತ್ರಿಸುವಾಗ ಡಿಜಿಟಲ್ ನಡುಕ ನಿರೋಧಕ ಬಳಸಿದರೆ ದೃಶ್ಯ ಮತ್ತಷ್ಟು ಕಿರಿದಾಗುತ್ತದೆ.

ದೀರ್ಘ ಕಾರ್ಯಕ್ರಮಗಳನ್ನು ಚಿತ್ರಿಸುವವರು ಮತ್ತೊಂದು ಸಂಗತಿ ತಿಳಿದಿರಬೇಕು. ಆರ್50 ಒಂದೇ ಸಲಕ್ಕೆ ಒಂದು ಗಂಟೆಯವರೆಗೆ ಮಾತ್ರ ವಿಡಿಯೊ ದಾಖಲಿಸುತ್ತದೆ. ನಂತರ ಮತ್ತೆ ಗುಂಡಿ ಒತ್ತಬೇಕು. ಝಡ್‌ವಿ-ಇ10ರಲ್ಲಿ ಇಂತಹ ಗಡುವಿಲ್ಲ. ಅದರ ಮಿತಿ ಬ್ಯಾಟರಿ, ಕಾರ್ಡ್ ಮತ್ತು ಬಿಸಿಯದು. ಬಿಸಿಯಿಂದ ಬೇಗ ಆರಿಹೋಗದಂತೆ ಮೆನುವಿನಲ್ಲಿ ತಾಪಮಾನದ ಮಿತಿಯನ್ನು ಹೆಚ್ಚಿಸಿಕೊಳ್ಳಬಹುದು. ರಾತ್ರಿಯಿಡೀ ನಡೆಯುವ ಯಕ್ಷಗಾನದ ಬಯಲಾಟವನ್ನು ದಾಖಲಿಸುವವರಿಗೆ ಸೋನಿ ಅನುಕೂಲ. ಆದರೆ ಅತ್ಯುತ್ತಮ ಗುಣಮಟ್ಟದ 4ಕೆ ವಿಡಿಯೊ ಸೋನಿಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ನುಂಗುತ್ತದೆ. ಅಂದರೆ ಗಂಟೆಗೆ 45 ಜಿಬಿ. ಆರು ಗಂಟೆಯ ಆಟಕ್ಕೆ 270 ಜಿಬಿ ಬೇಕು ಎಂಬ ಲೆಕ್ಕ ಮೊದಲೇ ತಲೆಯಲ್ಲಿರಲಿ.

ನಮ್ಮ ದೀಪ, ನಮ್ಮ ಮಳೆ

ಕ್ಯಾಮೆರಾ ಕೊಂಡ ಹೊಸದರಲ್ಲಿ ಅನೇಕರನ್ನು ಕಾಡುವ ದೂರೊಂದಿದೆ: ‘ವಿಡಿಯೊದಲ್ಲಿ ದೀಪಗಳು ಮಿಣುಕುತ್ತವೆ, ಅಡ್ಡಪಟ್ಟಿಗಳು ಓಡಾಡುತ್ತವೆ.’ ಇದು ಬಹುಪಾಲು ಕ್ಯಾಮೆರಾದ ದೋಷವಲ್ಲ. ಭಾರತದಲ್ಲಿ ವಿದ್ಯುತ್ 50 ಹರ್ಟ್ಸ್‌ನದು. ಇದರಿಂದಾಗಿ ಅನೇಕ ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಬಾರಿ ಏರಿಳಿಯುತ್ತಿರುತ್ತವೆ. ಸೆಕೆಂಡಿಗೆ 30 ಚೌಕಟ್ಟು, 1/60 ಸೆಕೆಂಡ್ ಶಟರ್ ವೇಗ ಇಟ್ಟರೆ ಈ ಲಯಕ್ಕೂ ಕ್ಯಾಮೆರಾಗೂ ತಾಳ ತಪ್ಪುತ್ತದೆ. ಮೆನುವಿನಲ್ಲಿ ಎನ್‌ಟಿಎಸ್‌ಸಿ ಬದಲು ಪಿಎಎಲ್ ಆರಿಸಿ, 25 ಚೌಕಟ್ಟು, 1/50 ಸೆಕೆಂಡ್ ಇಟ್ಟುಕೊಂಡರೆ ಸಾಮಾನ್ಯವಾಗಿ ಸಮಸ್ಯೆ ಬಗೆಹರಿಯುತ್ತದೆ. ಸೋನಿ ಬಳಸುವವರಿಗೆ ಇದರಿಂದ ದುಪ್ಪಟ್ಟು ಲಾಭ: 25 ಚೌಕಟ್ಟಿನಲ್ಲಿ ದೃಶ್ಯ ಕಿರಿದಾಗುವುದೂ ಇಲ್ಲ.

ಸದ್ದಿಲ್ಲದೆ ಫೋಟೊ ತೆಗೆಯುವ ಎಲೆಕ್ಟ್ರಾನಿಕ್ ಶಟರ್ ಎರಡರಲ್ಲೂ ಇದೆ. ಸಂಗೀತ ಕಛೇರಿಯಲ್ಲಿ ಇದು ವರವೆನಿಸುತ್ತದೆ. ಆದರೆ ಎಲ್‌ಇಡಿ ಬೆಳಕಿನಲ್ಲಿ ಅದೇ ಶಟರ್ ಚಿತ್ರದ ಮೇಲೆ ಪಟ್ಟೆಗಳನ್ನು ಮೂಡಿಸಬಹುದು. ಮದುವೆಯ ತಾಳಿ ಕಟ್ಟುವ ಕ್ಷಣದಂತಹ ಮತ್ತೆ ಬಾರದ ಗಳಿಗೆಗೆ ಮುನ್ನ ಒಂದೆರಡು ಪರೀಕ್ಷಾ ಚಿತ್ರ ತೆಗೆದು ನೋಡುವುದು ಒಳ್ಳೆಯದು.

ಎರಡೂ ಕ್ಯಾಮೆರಾಗಳು ಮಳೆಗೆ ತಡೆಯುವಂತಹವಲ್ಲ. ಜುಲೈ ತಿಂಗಳಲ್ಲಿ ಜೋಗಕ್ಕೆ ಹೋಗುವವರು ಮಳೆಯಷ್ಟೇ ಅಲ್ಲ, ಜಲಪಾತದ ತುಂತುರನ್ನೂ ನೆನಪಿನಲ್ಲಿಡಬೇಕು. ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ಲೆನ್ಸ್‌ನೊಳಗೆ ಬೂಷ್ಟು ಬೆಳೆಯುವುದು ಸಾಮಾನ್ಯ. ಚರ್ಮದ ಚೀಲದಲ್ಲಿ ಮುಚ್ಚಿಡುವ ಬದಲು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ನಿಜವಾದ ನಿರ್ಧಾರ: ಮೌಂಟ್

ಈಗ ಲೋಹದ ಬಳೆಯ ವಿಷಯಕ್ಕೆ ಬರೋಣ. ಕ್ಯಾಮೆರಾವನ್ನು ಐದಾರು ವರ್ಷಕ್ಕೆ ಬದಲಿಸುವವರೂ ಲೆನ್ಸ್‌ಗಳನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಮೊದಲ ಕ್ಯಾಮೆರಾ ಕೊಳ್ಳುವವರು ಅರಿವಿಲ್ಲದೆಯೇ ಮುಂದಿನ ಹತ್ತು ವರ್ಷಗಳ ಲೆನ್ಸ್‌ಗಳನ್ನೂ ಆರಿಸಿಕೊಂಡಿರುತ್ತಾರೆ.

ಕ್ಯಾನನ್‌ನ ಇಎಫ್-ಎಂ ಕಥೆ ಇದಕ್ಕೆ ಒಳ್ಳೆಯ ಪಾಠ. 2018ರಲ್ಲಿ ಬಂದ ಇಒಎಸ್ ಎಂ50 ಜನಪ್ರಿಯವಾಗಿತ್ತು. ಆದರೆ ಅದೇ ವರ್ಷ ಆರ್‌ಎಫ್ ಬಂದ ನಂತರ ಸಂಸ್ಥೆಯ ಗಮನ ಅತ್ತ ಹರಿದು, ಇಎಫ್-ಎಂ ಸರಣಿ ನಿಂತುಹೋಯಿತು. ಆ ಲೆನ್ಸ್‌ಗಳು ಆರ್‌ಎಫ್ ಕ್ಯಾಮೆರಾಗೆ ಹೊಂದುವುದಿಲ್ಲ. ಕಾರಣ ಸರಳ. ಮೌಂಟ್‌ನಿಂದ ಸೆನ್ಸರ್‌ಗೆ ಇರುವ ದೂರ ಇಎಫ್-ಎಂನಲ್ಲಿ 18 ಮಿ.ಮೀ., ಆರ್‌ಎಫ್‌ನಲ್ಲಿ 20 ಮಿ.ಮೀ. ಲೆನ್ಸ್ ಇರಬೇಕಾದದ್ದಕ್ಕಿಂತ ದೂರದಲ್ಲೇ ಕೂರುವುದರಿಂದ ಅಡಾಪ್ಟರ್‌ಗೆ ಜಾಗವೇ ಇಲ್ಲ.

ಹಳೆಯ ಎಸ್‌ಎಲ್‌ಆರ್‌ಗಳ ಇಎಫ್ ಲೆನ್ಸ್‌ಗಳ ಕಥೆ ತದ್ವಿರುದ್ಧ. 1987ರಲ್ಲಿ ಆರಂಭವಾದ ಈ ಮೌಂಟ್‌ನಲ್ಲಿ ಆ ದೂರ 44 ಮಿ.ಮೀ. ಆರ್‌ಎಫ್‌ನ 20 ಮಿ.ಮೀ. ಕಳೆದರೆ 24 ಮಿ.ಮೀ. ಖಾಲಿ ಉಳಿಯುತ್ತದೆ. ಕ್ಯಾನನ್‌ನ ಅಡಾಪ್ಟರ್ ಎಂದರೆ ಅಷ್ಟು ಉದ್ದದ, ಗಾಜಿಲ್ಲದ ಟೊಳ್ಳು ಕೊಳವೆ. ಅದನ್ನು ಹಾಕಿದರೆ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಆರ್50ರ ಮೇಲೆ ಆಟೊಫೋಕಸ್ ಸಹಿತ ಕೆಲಸ ಮಾಡುತ್ತವೆ. ಮನೆಯ ಕಪಾಟಿನಲ್ಲಿ ಅಥವಾ ಅಣ್ಣನ ಸ್ಟುಡಿಯೊದಲ್ಲಿ ಹಳೆಯ ಕ್ಯಾನನ್ ಲೆನ್ಸ್‌ಗಳಿದ್ದರೆ ಚರ್ಚೆ ಇಲ್ಲಿಗೇ ಮುಗಿಯಬಹುದು.

ಯಾವ ಲೆನ್ಸೂ ಇಲ್ಲದೆ ಹೊಸದಾಗಿ ಆರಂಭಿಸುವವರಿಗೆ ಸೋನಿಯ ತಟ್ಟೆ ತೂಗುತ್ತದೆ. 2010ರಿಂದ ಬೆಳೆದುಬಂದ ಇ-ಮೌಂಟ್‌ಗೆ ಸಿಗ್ಮಾ, ಟ್ಯಾಮ್ರಾನ್ ಮೊದಲಾದ ಸಂಸ್ಥೆಗಳ ಲೆನ್ಸ್‌ಗಳು ಹೇರಳವಾಗಿವೆ. ಬಳಸಿದ ಲೆನ್ಸ್‌ಗಳ ಮಾರುಕಟ್ಟೆಯೂ ದೊಡ್ಡದು. ಕ್ಯಾನನ್ ಈ ವಿಷಯದಲ್ಲಿ ಬಹುಕಾಲ ಬಾಗಿಲು ಮುಚ್ಚಿಕೊಂಡಿತ್ತು. 2024ರ ಏಪ್ರಿಲ್‌ನಲ್ಲಷ್ಟೇ ಸಿಗ್ಮಾ ಮತ್ತು ಟ್ಯಾಮ್ರಾನ್ ಆರ್‌ಎಫ್ ಮೌಂಟ್‌ಗೆ ಎಪಿಎಸ್-ಸಿ ಲೆನ್ಸ್‌ಗಳನ್ನು ಪ್ರಕಟಿಸಿದವು. ಅಂತರ ಕಡಿಮೆಯಾಗಿದೆ, ಪೂರ್ತಿ ಅಳಿದಿಲ್ಲ.

ಕಿಟ್ ಲೆನ್ಸ್‌ಗಳನ್ನು ಹೋಲಿಸಿದರೂ ಸೋನಿಯೇ ಮುಂದು. ಅದರ 16-50 ಮಿ.ಮೀ. ಲೆನ್ಸ್ ಹಳೆಯ ಫಿಲ್ಮ್ ಅಳತೆಯಲ್ಲಿ 24 ಮಿ.ಮೀ.ನಷ್ಟು ಅಗಲದಿಂದ ಆರಂಭವಾಗುತ್ತದೆ. ಕ್ಯಾನನ್‌ನ 18-45 ಮಿ.ಮೀ. ಸುಮಾರು 29 ಮಿ.ಮೀ.ನಿಂದ. ಕೈ ಚಾಚಿ ತನ್ನನ್ನೇ ಚಿತ್ರಿಸಿಕೊಳ್ಳುವವರಿಗೆ, ಇಕ್ಕಟ್ಟಾದ ಕೋಣೆಯಲ್ಲಿ ಇಡೀ ಕುಟುಂಬದ ಚಿತ್ರ ತೆಗೆಯುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಗಲ ತುದಿಯಲ್ಲಿ ಸೋನಿ ಲೆನ್ಸ್ ಎಫ್/3.5 ತೆರೆದರೆ ಕ್ಯಾನನ್ ಎಫ್/4.5 ತೆರೆಯುತ್ತದೆ. ಅಂದರೆ ಸೋನಿ ಒಂದೂವರೆ ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ.

ಕೊಳ್ಳುವ ಮುನ್ನ

ಬೆಲೆ ಹಬ್ಬದಿಂದ ಹಬ್ಬಕ್ಕೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಬೆಲೆಯೇ ಅಂತಿಮವಲ್ಲ. ಕ್ಯಾನನ್‌ನ ಬ್ಯಾಟರಿ 1040, ಸೋನಿಯದು 1020 ಮಿಲಿಆಂಪ್ ಅವರ್ ಸಾಮರ್ಥ್ಯದವು, ಎರಡೂ ಚಿಕ್ಕವೇ. ಎರಡನೇ ಬ್ಯಾಟರಿ ಕಡ್ಡಾಯವೆಂದು ತಿಳಿಯಿರಿ. 4ಕೆ ವಿಡಿಯೊಗೆ ಯು3 ಅಥವಾ ವಿ30 ಎಂಬ ಗುರುತಿರುವ ಕಾರ್ಡ್ ಬೇಕು. ಎರಡರಲ್ಲೂ ಕಾರ್ಡ್‌ಗೆ ಒಂದೇ ಗೂಡು ಇರುವುದರಿಂದ, ಅಂದಿನ ಚಿತ್ರಗಳನ್ನು ಅಂದೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಅಭ್ಯಾಸವಿರಲಿ.

ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ಈ ತೆರಿಗೆಯನ್ನೂ ಉಳಿಸುತ್ತೇವೆಂದು ಬಿಲ್ ಇಲ್ಲದೆ ಮಾರುವವರಿದ್ದಾರೆ. ಅಂತಹ ಕ್ಯಾಮೆರಾಗಳಿಗೆ ಭಾರತದ ವಾರಂಟಿ ಸಿಗದೆ ಹೋಗುವ ಸಾಧ್ಯತೆಯೇ ಹೆಚ್ಚು. ಕ್ರಮಸಂಖ್ಯೆ ನಮೂದಾದ ಬಿಲ್ ಕೇಳಿ ಪಡೆಯಬೇಕು.

ಇವೆರಡರ ನಂತರವೂ ಹೊಸ ಮಾದರಿಗಳು ಬಂದಿವೆ. 2024ರ ಜುಲೈನಲ್ಲಿ ಪ್ರಕಟವಾದ ಝಡ್‌ವಿ-ಇ10 ಎರಡನೇ ಆವೃತ್ತಿಯಲ್ಲಿ 26 ಮೆಗಾಪಿಕ್ಸೆಲ್ ಸೆನ್ಸರ್, ದೊಡ್ಡ ಬ್ಯಾಟರಿ, ಸೆಕೆಂಡಿಗೆ 60 ಚೌಕಟ್ಟಿನ 4ಕೆ ಇದೆ. 2025ರ ಮಾರ್ಚ್‌ನಲ್ಲಿ ಕ್ಯಾನನ್ ವಿಡಿಯೊ ಪ್ರಿಯರಿಗೆಂದೇ ಆರ್50 ವಿ ಪ್ರಕಟಿಸಿತು. ಅದರಲ್ಲಿ ಕಣ್ಣಿನ ಕಿಂಡಿ ಇಲ್ಲ. ಹೊಸತು ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ. ಮೊದಲ ಬಾರಿಗೆ ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿಯೇ. ಉಳಿದ ಹಣ ಲೆನ್ಸ್‌ಗೆ ಒದಗುತ್ತದೆ.

ಯಾರಿಗೆ ಯಾವುದು?

ಮುಖ್ಯವಾಗಿ ಫೋಟೊ ತೆಗೆಯುವವರು, ಬಿಸಿಲಿನಲ್ಲಿ ಓಡಾಡುವವರು, ಹಕ್ಕಿ-ಪ್ರಾಣಿಗಳ ಹಿಂದೆ ಹೋಗುವವರು, ಹಳೆಯ ಕ್ಯಾನನ್ ಲೆನ್ಸ್ ಉಳ್ಳವರು ಆರ್50 ಕೊಳ್ಳಬಹುದು. ಮುಖ್ಯವಾಗಿ ವಿಡಿಯೊ ಮಾಡುವವರು, ಸಂದರ್ಶನ ಮತ್ತು ದೀರ್ಘ ಕಾರ್ಯಕ್ರಮ ದಾಖಲಿಸುವವರು, ಕಡಿಮೆ ಖರ್ಚಿನಲ್ಲಿ ಲೆನ್ಸ್‌ಗಳನ್ನು ಕೂಡಿಸಬೇಕೆನ್ನುವವರು ಝಡ್‌ವಿ-ಇ10 ಕೊಳ್ಳಬಹುದು. ಎರಡನ್ನೂ ಸಮವಾಗಿ ಮಾಡುವವರು ಮಾತ್ರ ಅಂಗಡಿಯಲ್ಲಿ ಎರಡನ್ನೂ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಿರ್ಧರಿಸಲಿ.

ಹನ್ನೆರಡನೇ ಸಾಲಿನ ತಂದೆಗೆ ಏನು ಹೇಳಬೇಕು? ಅವರಿಗೊಂದು ಕಹಿ ಸತ್ಯವಿದೆ. ಈ ಎರಡು ಕ್ಯಾಮೆರಾಗಳಲ್ಲಿ ಯಾವುದನ್ನು ಕೊಂಡರೂ, ಜೊತೆಗೆ ಬರುವ ಕಿಟ್ ಲೆನ್ಸ್‌ನಿಂದ ಆ ದೂರದಲ್ಲಿ ಮಗಳ ಮುಖ ದೊಡ್ಡದಾಗಿ ಬರುವುದಿಲ್ಲ. ಎರಡೂ ಸಂಸ್ಥೆಗಳಲ್ಲಿ 55-210 ಮಿ.ಮೀ. ದೂರದ ಲೆನ್ಸ್ ಇದೆ. ಅವರು ಕೊಳ್ಳಬೇಕಾದದ್ದು ಅದನ್ನೂ ಸೇರಿಸಿ. ವೇದಿಕೆಯ ಬೆಳಕು ಮಂದವಾಗಿದ್ದರೆ ಐಎಸ್‌ಒವನ್ನು 3200 ಅಥವಾ 6400ಕ್ಕೆ ಏರಿಸಲು ಹಿಂಜರಿಯಬಾರದು; ತುಸು ಮರಳು ಚೆಲ್ಲಿದಂತೆ ಕಂಡರೂ ಮುಖ ಸ್ಪಷ್ಟವಾಗಿರುತ್ತದೆ. ಶಟರ್ ವೇಗ 1/200 ಸೆಕೆಂಡ್ ಆಸುಪಾಸಿನಲ್ಲಿರಲಿ, ಕೋಲಾಟದ ಕೈಗಳು ಮಸುಕಾಗುವುದಿಲ್ಲ. ಎರಡು ಲೆನ್ಸ್‌ಗಳಿಗೆ ಹಣ ಸಾಲದಿದ್ದರೆ ಕ್ಯಾಮೆರಾದಲ್ಲೇ ಉಳಿಸಿ, ಬಳಸಿದ ಒಡಲೊಂದನ್ನು ಬಿಲ್ ಸಹಿತ ಕೊಂಡು, ಹೊಸ ಲೆನ್ಸ್ ಹಾಕಿಕೊಳ್ಳುವುದು ಜಾಣತನ. ಮುಂದಿನ ವಾರ್ಷಿಕೋತ್ಸವಕ್ಕೆ ಇನ್ನೂ ಸಮಯವಿದೆ. ಅಷ್ಟರಲ್ಲಿ ಮನೆಯ ಅಂಗಳದಲ್ಲಿ ಸಂಜೆಯ ಮಂದ ಬೆಳಕಿನಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರೆ ಯಾವ ಕ್ಯಾಮೆರಾ ಆದರೂ ಮೋಸ ಮಾಡದು.